ನಿಮ್ಮ ಮನೆ ಬಾಗಿಲ ಸೂರ್ಯೋದಯದಿಂದ ಲೆಕ್ಕ ಶುರು ಮಾಡಿ: ಹೊತ್ತು ನೋಡುವ ಬಗೆ

ಮೇ ತಿಂಗಳ ಒಂದು ಭಾನುವಾರ ಲಂಡನ್ನಿನಿಂದ ಮಗಳು ಫೋನ್ ಮಾಡಿದಳು. "ಅಪ್ಪಾ, ಏಕಾದಶಿ ನಾಳೆನಾ, ನಾಡಿದ್ದಾ? ಅಮ್ಮ ಮಂಗಳವಾರ ಅಂತಾಳೆ. ಇಲ್ಲಿನ ದೇವಸ್ಥಾನದಲ್ಲಿ ಸೋಮವಾರ ಅಂತ ಬರೆದಿದ್ದಾರೆ. ಯಾರದ್ದು ಸರಿ?"

ಇಬ್ಬರದ್ದೂ ಸರಿ ಅಂದೆ. ಅವಳಿಗೆ ನಂಬಿಕೆ ಬರಲಿಲ್ಲ. ಪೆನ್ನು ಕಾಗದ ತಗೋ ಅಂತ ಹೇಳಿ ಅರ್ಧ ಗಂಟೆ ಕೂತು ಲೆಕ್ಕ ಮಾಡಿಸಿದೆ. ಅವತ್ತು ಅವಳಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಕೊನೆಯಲ್ಲಿ ಬರುವ ಒಂದು ವಿಷಯವನ್ನು ಮಾತ್ರ ಅವಳಿಗೆ ಫೋನಿನಲ್ಲಿ ಹೇಳಲು ಆಗಿರಲಿಲ್ಲ.

ನಾನು 33 ವರ್ಷ ರೈಲ್ವೆಯಲ್ಲಿ ಸ್ಟೇಷನ್ ಮಾಸ್ಟರ್ ಆಗಿದ್ದವನು. ಈಗ ಅರಸೀಕೆರೆಯಲ್ಲಿದ್ದೇನೆ. ನಮ್ಮ ತಂದೆ ಊರಿನ ಶಾನುಭೋಗರು. ಪಂಚಾಂಗ ನೋಡುವುದನ್ನು ಕಲಿಸಿದವರು ಅವರು. ಗಡಿಯಾರ ನೋಡುವುದನ್ನು ಕಲಿಸಿದ್ದು ನೌಕರಿ. ದಿನಾ ಸಂಜೆ 4 ಗಂಟೆಗೆ ಕಂಟ್ರೋಲ್ ಆಫೀಸಿನಿಂದ ಸಮಯ ಹೇಳುತ್ತಿದ್ದರು. ಎಲ್ಲ ಸ್ಟೇಷನ್ನಿನವರೂ ಅದಕ್ಕೆ ತಮ್ಮ ಗಡಿಯಾರ ಹೊಂದಿಸಿಕೊಳ್ಳಬೇಕು. ಒಂದು ಗಾಡಿ ಬಂದದ್ದು, ಹೋದದ್ದು ಎರಡನ್ನೂ ನಿಮಿಷದ ಲೆಕ್ಕದಲ್ಲಿ ರಿಜಿಸ್ಟರಿನಲ್ಲಿ ಬರೆಯಬೇಕು. ಮನೆಗೆ ಬಂದರೆ ಪಂಚಾಂಗದ ಹೊತ್ತೇ ಬೇರೆ. ಈ ಎರಡು ಹೊತ್ತುಗಳ ನಡುವೆ ಬಾಳಿದವನು ನಾನು.

ಮೊದಲು ಸೂರ್ಯೋದಯ

ಪಂಚಾಂಗದಲ್ಲಿ ದಿನ ಶುರುವಾಗುವುದು ನಡುರಾತ್ರಿ 12ಕ್ಕಲ್ಲ, ಸೂರ್ಯೋದಯಕ್ಕೆ. ಅದೂ ನೀವಿರುವ ಊರಿನ ಸೂರ್ಯೋದಯಕ್ಕೆ. ಮುಕ್ಕಾಲು ಪಾಲು ಗೊಂದಲ ಬರುವುದು ಇದನ್ನು ಮರೆಯುವುದರಿಂದಲೇ.

ನಮ್ಮ ಗಡಿಯಾರದ ಸಮಯ ಮಿರ್ಜಾಪುರದ ಹತ್ತಿರ ಹಾದುಹೋಗುವ 82.5 ಡಿಗ್ರಿ ರೇಖಾಂಶದ್ದು. 1906ರಲ್ಲಿ ಅದು ಜಾರಿಗೆ ಬಂತು, ಈಗ ಇಡೀ ದೇಶಕ್ಕೆ ಅದೇ ಸಮಯ. ರೈಲು ಓಡಿಸಲು ಅದು ಬೇಕೇ ಬೇಕು. ಆದರೆ ಸೂರ್ಯ ಆ ಗಡಿಯಾರ ನೋಡುವುದಿಲ್ಲ, ಅಲ್ವಾ? ಒಂದು ಡಿಗ್ರಿ ಪಶ್ಚಿಮಕ್ಕೆ ಹೋದರೆ ಸೂರ್ಯ 4 ನಿಮಿಷ ತಡ. ಕೋಲಾರಕ್ಕೂ ಕಾರವಾರಕ್ಕೂ ಸುಮಾರು 4 ಡಿಗ್ರಿ ಅಂತರ. ಅಂದರೆ ನಮ್ಮ ರಾಜ್ಯದ ಒಳಗೇ ಸುಮಾರು 16 ನಿಮಿಷದ ವ್ಯತ್ಯಾಸ. ಬೆಂಗಳೂರಿನಲ್ಲಿ ಸೂರ್ಯ ನೆತ್ತಿಗೆ ಬರುವುದು ಸರಾಸರಿ 12:20ಕ್ಕೆ, ಅರಸೀಕೆರೆಯಲ್ಲಿ 12:25ಕ್ಕೆ, ಮಂಗಳೂರಿನಲ್ಲಿ 12:30 ದಾಟುತ್ತದೆ.

ನಡು ಮಧ್ಯಾಹ್ನದ ಒಳ್ಳೆ ಹೊತ್ತಾದ ಅಭಿಜಿನ್ ಮುಹೂರ್ತವನ್ನು ತುಂಬಾ ಜನ 11:36ರಿಂದ 12:24 ಅಂತ ಬಾಯಿಪಾಠ ಮಾಡಿಕೊಂಡಿದ್ದಾರೆ. ಅದು ಸೂರ್ಯ ನೆತ್ತಿಗೆ ಬರುವ ಹೊತ್ತಿನ ಆಚೆ ಈಚೆ 24 ನಿಮಿಷ. ನೆತ್ತಿಯ ಹೊತ್ತು 12:25 ಆದರೆ ಮುಹೂರ್ತ 12:01ರಿಂದ 12:49. ಬಾಯಿಪಾಠದವರು ಅರ್ಧ ಮುಹೂರ್ತ ಕಳೆದುಕೊಳ್ಳುತ್ತಾರೆ.

ಹಾಗಾಗಿ ಮೊದಲ ಕೆಲಸ ಇದು. ಮೊಬೈಲಿನ ಹವಾಮಾನ ಆ್ಯಪ್ ತೆರೆದು ನಿಮ್ಮ ಊರಿನ ಸೂರ್ಯೋದಯ, ಸೂರ್ಯಾಸ್ತ ಎರಡನ್ನೂ ಕ್ಯಾಲೆಂಡರಿನ ಮೇಲೆ ಪೆನ್ಸಿಲಿನಲ್ಲಿ ಬರೆದುಕೊಳ್ಳಿ. ದಿನಾ ಬೇಡ, ವಾರಕ್ಕೊಮ್ಮೆ ಸಾಕು. ಮುಂದಿನ ಲೆಕ್ಕಕ್ಕೆಲ್ಲ ಈ ಎರಡು ಅಂಕಿ ಸಾಕು.

ರಾಹುಕಾಲ

ಹಗಲನ್ನು 8 ಸಮ ಪಾಲು ಮಾಡಬೇಕು. ಅದರಲ್ಲಿ ಒಂದು ಪಾಲು ರಾಹುಕಾಲ. ಯಾವ ವಾರಕ್ಕೆ ಎಷ್ಟನೇ ಪಾಲು ಅನ್ನುವುದಕ್ಕೆ ಅಪ್ಪ ಒಂದು ಸಾಲು ಹೇಳಿಕೊಟ್ಟಿದ್ದರು: ಸೋಮ, ಶನಿ, ಶುಕ್ರ, ಬುಧ, ಗುರು, ಮಂಗಳ, ಭಾನು. ಎರಡರಿಂದ ಎಣಿಸುತ್ತಾ ಹೋಗಿ. ಸೋಮವಾರ ಎರಡನೇ ಪಾಲು, ಶನಿವಾರ ಮೂರನೆಯದು, ಶುಕ್ರವಾರ ನಾಲ್ಕನೆಯದು, ಹೀಗೆ ಭಾನುವಾರ ಎಂಟನೆಯದು. ಮೊದಲ ಪಾಲು ಯಾವ ದಿನವೂ ರಾಹುಕಾಲ ಅಲ್ಲ. ಬೆಳಿಗ್ಗೆ ಎದ್ದ ತಕ್ಷಣ ಶುರು ಮಾಡುವ ಕೆಲಸಕ್ಕೆ ಯಾವತ್ತೂ ತಡೆಯಿಲ್ಲ ಅಂತ ಅಪ್ಪ ಅದಕ್ಕೆ ಅರ್ಥ ಹೇಳುತ್ತಿದ್ದರು.

ಕ್ಯಾಲೆಂಡರಿನ ಹಿಂಬದಿಯಲ್ಲಿ ಅಚ್ಚಾಗಿರುವುದು 6ರಿಂದ 6 ಹಗಲು ಅಂತ ಹಿಡಿದ ಲೆಕ್ಕ. ಸೋಮವಾರ 7:30ರಿಂದ 9, ಭಾನುವಾರ 4:30ರಿಂದ 6. ಮಾರ್ಚ್ ಕೊನೆ, ಸೆಪ್ಟೆಂಬರ್ ಕೊನೆಯಲ್ಲಿ ಹಗಲು ರಾತ್ರಿ ಸಮ ಇದ್ದಾಗ ಪಾಲಿನ ಉದ್ದ ಹೊಂದುತ್ತದೆ, ಶುರುವಾಗುವ ಹೊತ್ತು ಆಗಲೂ ಸ್ವಲ್ಪ ಆಚೀಚೆ. ಉಳಿದ ದಿನ ಉದ್ದವೂ ಹೊಂದುವುದಿಲ್ಲ.

ನೀವೇ ಮಾಡಿ ನೋಡಿ. ಜೂನ್ ಕೊನೆಯ ವಾರ ಅರಸೀಕೆರೆಯಲ್ಲಿ ಸೂರ್ಯೋದಯ ಸುಮಾರು 6 ಗಂಟೆ, ಸೂರ್ಯಾಸ್ತ ಸುಮಾರು 6:55. ಹಗಲು 12 ಗಂಟೆ 55 ನಿಮಿಷ, ಅಂದರೆ 775 ನಿಮಿಷ. ಎಂಟರಿಂದ ಭಾಗಿಸಿದರೆ ಒಂದು ಪಾಲಿಗೆ 97 ನಿಮಿಷ. ಭಾನುವಾರದ್ದು ಕೊನೆಯ ಪಾಲು. ಹಾಗಾಗಿ ರಾಹುಕಾಲ 5:18ರಿಂದ 6:55. ಕ್ಯಾಲೆಂಡರಿನ 4:30 ಎಲ್ಲಿ, ಈ 5:18 ಎಲ್ಲಿ! ಈ ಲೆಕ್ಕವನ್ನು ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಲಂಡನ್ನಿನ ಲೆಕ್ಕ ಕೇಳಿ ಮಗಳು ಬೆರಗಾದಳು. ಅಲ್ಲಿ ಜೂನ್ 21ಕ್ಕೆ ಸೂರ್ಯೋದಯ 4:43, ಸೂರ್ಯಾಸ್ತ ರಾತ್ರಿ 9:21. ಒಂದು ಪಾಲೇ 2 ಗಂಟೆ 5 ನಿಮಿಷ. ಭಾನುವಾರದ ರಾಹುಕಾಲ ರಾತ್ರಿ 7:16ರಿಂದ 9:21. ಡಿಸೆಂಬರ್ 21ಕ್ಕೆ ಸೂರ್ಯೋದಯ 8:04, ಸೂರ್ಯಾಸ್ತ 3:53. ಆಗ ಪಾಲು 59 ನಿಮಿಷ ಮಾತ್ರ. ಬೆಂಗಳೂರಿನ ಕ್ಯಾಲೆಂಡರ್ ತಗೊಂಡು ಹೋಗಿ ಅಡುಗೆಮನೆಯಲ್ಲಿ ತೂಗು ಹಾಕಿದರೆ ದೇವರ ಚಿತ್ರ ಉಪಯೋಗಕ್ಕೆ ಬರುತ್ತದೆ, ಹೊತ್ತು ಬರುವುದಿಲ್ಲ.

ಇನ್ನೊಂದು ಮಾತು. ರಾಹುಕಾಲ ನೋಡುವುದು ಹೊಸ ಕೆಲಸ ಶುರು ಮಾಡುವುದಕ್ಕೆ. ಮೊದಲೇ ನಡೆಯುತ್ತಿರುವ ಕೆಲಸ ನಿಲ್ಲಿಸುವುದಕ್ಕಲ್ಲ. ರೈಲಿನ ಹೊತ್ತಿಗೆ ರಾಹುಕಾಲ ಬಂದರೆ ಏನು ಮಾಡುವುದು ಅಂತ ಪ್ಲಾಟ್‌ಫಾರ್ಮಿನಲ್ಲಿ ಎಷ್ಟೋ ಹಿರಿಯರು ನನ್ನನ್ನು ಕೇಳಿದ್ದಾರೆ. ಹಳಬರು ಇದಕ್ಕೆ ದಾರಿ ಮಾಡಿಟ್ಟಿದ್ದಾರೆ. ಒಳ್ಳೆ ಹೊತ್ತಿನಲ್ಲಿ ದೇವರಿಗೆ ಕೈಮುಗಿದು ಒಂದು ಚೀಲವನ್ನು ಪಕ್ಕದ ಮನೆಯಲ್ಲಿ ಇಟ್ಟು ಬರುವುದು. ಅಲ್ಲಿಗೆ ಪ್ರಯಾಣ ಶುರುವಾದಂತೆ. ಆಮೇಲೆ ಯಾವಾಗ ಬೇಕಾದರೂ ಚೀಲ ಎತ್ತಿಕೊಂಡು ಹೋಗಬಹುದು. ಇದಕ್ಕೆ ಪ್ರಸ್ಥಾನ ಅಂತಾರೆ. ನಂಬಿಕೆಯೂ ಉಳಿಯುತ್ತದೆ, ಗಾಡಿಯೂ ತಪ್ಪುವುದಿಲ್ಲ. ನನಗೆ ಇದು ತುಂಬಾ ಇಷ್ಟವಾದ ಪದ್ಧತಿ.

ತಿಥಿ, ಹಬ್ಬ

ಚಂದ್ರ ಸೂರ್ಯನಿಂದ 12 ಡಿಗ್ರಿ ಮುಂದೆ ಹೋದರೆ ಒಂದು ತಿಥಿ. ಚಂದ್ರನ ವೇಗ ಒಂದೇ ಸಮ ಇರುವುದಿಲ್ಲ. ಆದ್ದರಿಂದ ತಿಥಿ ಒಮ್ಮೆ 20 ಗಂಟೆಗೆ ಮುಗಿಯಬಹುದು, ಒಮ್ಮೆ 26 ಗಂಟೆ ಹಿಡಿಯಬಹುದು. ಅದು ಮುಗಿಯುವ ಕ್ಷಣ ಪ್ರಪಂಚಕ್ಕೆಲ್ಲ ಒಂದೇ. ಆ ಕ್ಷಣದಲ್ಲಿ ನಿಮ್ಮ ಊರಲ್ಲಿ ಬೆಳಗಾಗಿತ್ತೋ ಇಲ್ಲವೋ ಅನ್ನುವುದು ಮಾತ್ರ ಬೇರೆ ಬೇರೆ. ಸೂರ್ಯೋದಯಕ್ಕೆ ಯಾವ ತಿಥಿ ಇರುತ್ತದೋ ಆ ದಿನಕ್ಕೆ ಅದೇ ಹೆಸರು.

ಮಗಳ ಏಕಾದಶಿಗೆ ಬರೋಣ. ಅದು ನಮ್ಮಲ್ಲಿ ಸೋಮವಾರ ಬೆಳಿಗ್ಗೆ 8ಕ್ಕೆ ಶುರುವಾಗಿ ಮಂಗಳವಾರ ಬೆಳಿಗ್ಗೆ 6:40ಕ್ಕೆ ಮುಗಿಯುತ್ತಿತ್ತು. ಮಂಗಳವಾರ ಇಲ್ಲಿ ಸೂರ್ಯೋದಯ 6 ಗಂಟೆಗೆ. ಆಗ ಇನ್ನೂ ಏಕಾದಶಿ ಇದೆ. ಆದ್ದರಿಂದ ನಮಗೆ ಮಂಗಳವಾರ. ಬೇಸಿಗೆಯಲ್ಲಿ ಲಂಡನ್ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ಅಲ್ಲಿಗೆ ಏಕಾದಶಿ ಸೋಮವಾರ ಬೆಳಗಿನ ಜಾವ 3:30ಕ್ಕೆ ಶುರು, ಮಂಗಳವಾರ 2:10ಕ್ಕೆ ಮುಗಿಯಿತು. ಅಲ್ಲಿ ಸೂರ್ಯ ಹುಟ್ಟುವುದು 5:30ಕ್ಕೆ. ಸೋಮವಾರದ ಸೂರ್ಯೋದಯಕ್ಕೆ ಏಕಾದಶಿ ಇದೆ, ಮಂಗಳವಾರಕ್ಕೆ ಇಲ್ಲ. ಅವಳಿಗೆ ಸೋಮವಾರವೇ ಉಪವಾಸ. ಮಾಧ್ವರು ಸೂರ್ಯೋದಯಕ್ಕಿಂತ 96 ನಿಮಿಷ ಮೊದಲಿನ ಅರುಣೋದಯವನ್ನೂ ನೋಡುತ್ತಾರೆ. ಅವರು ತಮ್ಮ ಮಠದ ಪಂಚಾಂಗವನ್ನೇ ಹಿಡಿಯಬೇಕು.

ಹಳೆಯ ಪಂಚಾಂಗ ಮನೆಯಲ್ಲಿದ್ದರೆ ತಿಥಿಯ ಮುಂದೆ 21-15 ಅಂತ ಏನಾದರೂ ಇರುತ್ತದೆ. ಅದು ಗಂಟೆ ಅಲ್ಲ, ಘಟಿ. ಹಿರಿಯರು ಗಳಿಗೆ ಅನ್ನುತ್ತಿದ್ದದ್ದು ಇದನ್ನೇ. ಒಂದು ಘಟಿ 24 ನಿಮಿಷ, ದಿನಕ್ಕೆ 60. ಇಪ್ಪತ್ತೊಂದೂಕಾಲು ಘಟಿಯನ್ನು 24ರಿಂದ ಗುಣಿಸಿದರೆ 510 ನಿಮಿಷ, ಅಂದರೆ ಎಂಟೂವರೆ ಗಂಟೆ. ಅದನ್ನು ಸೂರ್ಯೋದಯಕ್ಕೆ ಕೂಡಿಸಿ. ಸೂರ್ಯೋದಯ 6:10 ಇದ್ದರೆ ತಿಥಿ ಮುಗಿಯುವುದು ಮಧ್ಯಾಹ್ನ 2:40ಕ್ಕೆ.

ಎಲ್ಲ ಹಬ್ಬಕ್ಕೂ ಸೂರ್ಯೋದಯದ ತಿಥಿಯನ್ನೇ ಹಿಡಿಯಬಾರದು. ಇಲ್ಲೇ ಜನ ಜಾಸ್ತಿ ಎಡವುವುದು. ಆಯಾ ಹಬ್ಬಕ್ಕೆ ಆಯಾ ಹೊತ್ತಿದೆ. ಗಣಪತಿ ಹಬ್ಬಕ್ಕೆ ಮಧ್ಯಾಹ್ನ ಚೌತಿ ಇರಬೇಕು. ಶಿವರಾತ್ರಿಗೆ ನಡುರಾತ್ರಿ ಚತುರ್ದಶಿ ಬೇಕು. ಸಂಕಷ್ಟಿಗೆ ಚಂದ್ರ ಮೂಡುವಾಗ ಚೌತಿ ಇರಬೇಕು. ಲಂಡನ್ನಿನ ಬೇಸಿಗೆಯಲ್ಲಿ ಆ ಚಂದ್ರ ನಡುರಾತ್ರಿ ಹೊತ್ತಿಗೆ ಮೂಡುವುದೂ ಉಂಟು. ಮೊದಲೇ ನೋಡಿಕೊಂಡು ಮಕ್ಕಳಿಗೆ ಊಟ ಹಾಕಿಬಿಡಬೇಕು. ಹಿರಿಯರ ಶ್ರಾದ್ಧಕ್ಕೆ ಅಪರಾಹ್ನ. ಹಗಲನ್ನು 5 ಪಾಲು ಮಾಡಿದರೆ ನಾಲ್ಕನೆಯದು, ಅರಸೀಕೆರೆಯಲ್ಲಿ ಸರಾಸರಿ 1:35ರಿಂದ 4. ಆಫೀಸಿಗೆ ಹೊತ್ತಾಯಿತು ಅಂತ ಬೆಳಿಗ್ಗೆ 8ಕ್ಕೇ ಪಿಂಡ ಇಟ್ಟು ಮುಗಿಸುವುದನ್ನು ನೋಡಿದರೆ ನನಗೆ ಸಂಕಟ ಆಗುತ್ತದೆ. ವರ್ಷಕ್ಕೊಂದು ದಿನ ರಜೆ ಹಾಕಿ.

2024ರ ದೀಪಾವಳಿ ನೆನಪಿದೆಯಾ? ಲಕ್ಷ್ಮೀಪೂಜೆ ಅಕ್ಟೋಬರ್ 31ಕ್ಕೋ ನವೆಂಬರ್ 1ಕ್ಕೋ ಅಂತ ಊರೆಲ್ಲ ಚರ್ಚೆ. ಅಮಾವಾಸ್ಯೆ 31ರ ಮಧ್ಯಾಹ್ನ 3:52ಕ್ಕೆ ಶುರು, 1ನೇ ತಾರೀಕು ಸಂಜೆ 6:16ಕ್ಕೆ ಮುಕ್ತಾಯ. ಪೂಜೆಗೆ ಬೇಕಾದದ್ದು ಸೂರ್ಯ ಮುಳುಗಿದ ಮೇಲಿನ ಪ್ರದೋಷದ ಹೊತ್ತು. 31ರ ಸಂಜೆ ಪೂರ್ತಿ ಅಮಾವಾಸ್ಯೆ ಇತ್ತು. 1ರ ಸಂಜೆಯೂ ಸೂರ್ಯ ಮುಳುಗಿದ ಮೇಲೆ ಸ್ವಲ್ಪ ಹೊತ್ತು ಇತ್ತು. ಹಾಗಾಗಿ ಎರಡು ಪಕ್ಷ ಆಯಿತು. ಲಂಡನ್ನಿನಲ್ಲಿ ಈ ಗೊಂದಲವೇ ಇರಲಿಲ್ಲ. ಅಲ್ಲಿ 1ನೇ ತಾರೀಕು ಮಧ್ಯಾಹ್ನ 12:46ಕ್ಕೇ ಅಮಾವಾಸ್ಯೆ ಮುಗಿದಿತ್ತು. ಇಂಥ ಕಡೆ ನಿಮ್ಮ ಮನೆಯಲ್ಲಿ ಯಾವ ಪಂಚಾಂಗ ನಡೆದುಬಂದಿದೆಯೋ ಅದನ್ನೇ ನಡೆಸಿ. ಹಳೆಯ ಸೂತ್ರ ಹಿಡಿದ ಸೂರ್ಯಸಿದ್ಧಾಂತದ ಪಂಚಾಂಗಕ್ಕೂ ಆಕಾಶದಲ್ಲಿ ಕಾಣುವುದಕ್ಕೆ ಹೊಂದಿಸಿದ ದೃಗ್ಗಣಿತದ ಪಂಚಾಂಗಕ್ಕೂ ತಿಥಿಯಲ್ಲಿ ಗಂಟೆಗಳ ವ್ಯತ್ಯಾಸ ಬರುತ್ತದೆ. ಅರ್ಧ ಅದು, ಅರ್ಧ ಇದು ಮಾಡಿದರೆ ಮಾತ್ರ ಯಾವುದೂ ಸರಿಹೋಗುವುದಿಲ್ಲ.

ಹದ

ಇಷ್ಟೆಲ್ಲ ಲೆಕ್ಕ ಕಲಿತವನು ನಾನು. ನಮ್ಮಣ್ಣ ಕಲಿಯಲಿಲ್ಲ. ಅವನು ಊರಲ್ಲಿ ಬೇಸಾಯ ಮಾಡಿಕೊಂಡಿದ್ದ. ಅವನಿಗೆ ಬೇಕಿದ್ದದ್ದು ಮಳೆ ನಕ್ಷತ್ರ ಒಂದೇ. ಸೂರ್ಯ ಒಂದೊಂದು ನಕ್ಷತ್ರದಲ್ಲಿ 13-14 ದಿನ ಇರುತ್ತಾನೆ. ಆ ದಿನಗಳ ಮಳೆಗೆ ಆ ನಕ್ಷತ್ರದ ಹೆಸರು. ಏಪ್ರಿಲ್ ಕೊನೆಗೆ ಭರಣಿ, ಮೇ 25ರ ಸುಮಾರಿಗೆ ರೋಹಿಣಿ, ಜೂನ್ 22ರ ಹೊತ್ತಿಗೆ ಆರಿದ್ರ, ಜುಲೈ ಮೊದಲ ವಾರ ಪುನರ್ವಸು. ಮೊದಲ ಮಳೆಗಳಿಗೆ ಹೆಸರುಕಾಳು, ಅಲಸಂದೆ, ಎಳ್ಳು ಬಿತ್ತನೆ. ಪುನರ್ವಸು, ಪುಷ್ಯದ ಮಳೆಗೆ ರಾಗಿ. "ಆದ್ರೆ ಆರಿದ್ರ, ಇಲ್ದಿದ್ರೆ ದರಿದ್ರ" ಅಂತ ಅಣ್ಣ ಆಕಾಶ ನೋಡುತ್ತಾ ಹೇಳುತ್ತಿದ್ದ.

ಆದರೆ ನಕ್ಷತ್ರ ಬಂತು ಅಂತ ಅವನು ಸುಮ್ನೆ ಬಿತ್ತುತ್ತಿರಲಿಲ್ಲ. ಹೊಲಕ್ಕೆ ಹೋಗಿ ಒಂದು ಗೇಣು ಆಳದಿಂದ ಬಲಗೈಯಲ್ಲಿ ಒಂದು ಹಿಡಿ ಮಣ್ಣು ತೆಗೆಯುತ್ತಿದ್ದ. ಮುಷ್ಟಿ ಕಟ್ಟಿ ಒತ್ತುತ್ತಿದ್ದ. ಕೈ ಬಿಚ್ಚಿದಾಗ ಉಂಡೆ ನಿಲ್ಲಬೇಕು. ಸೊಂಟದೆತ್ತರದಿಂದ ಬಿಟ್ಟರೆ ಪುಡಿಯಾಗಬೇಕು. ಉಂಡೆ ನಿಲ್ಲದಿದ್ದರೆ ಇನ್ನೂ ಮಳೆ ಬೇಕು. ಬಿದ್ದರೂ ಒಡೆಯದೆ ಚಪ್ಪಟೆಯಾದರೆ ನೀರು ಜಾಸ್ತಿ, ಎರಡು ದಿನ ಬಿಡಬೇಕು. "ಹದ ಬಂದಾಗ ಹರಗಬೇಕು, ಬೆದೆ ಬಂದಾಗ ಬಿತ್ತಬೇಕು" ಅನ್ನುವ ಗಾದೆಯನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಅವನು ಕೈಯಲ್ಲಿ ಹಿಡಿದಿದ್ದ.

ಪಂಚಾಂಗ ಹೊತ್ತು ಹೇಳುತ್ತದೆ. ಹದವನ್ನು ಆ ವಸ್ತುವೇ ಹೇಳಬೇಕು. ನನ್ನ ಹೆಂಡತಿ ಹಾಲಿಗೆ ಹೆಪ್ಪು ಹಾಕುವಾಗ ಗಡಿಯಾರ ನೋಡಿದ್ದನ್ನು ನಾನು ಕಂಡಿಲ್ಲ. ಕಿರುಬೆರಳು ಅದ್ದಿ ನೋಡುತ್ತಾಳೆ. ನೀವು ಹೊತ್ತು ನೋಡುವಾಗಲೂ ಈ ಎರಡನ್ನೂ ಕೇಳಿಕೊಳ್ಳಿ. ಒಳ್ಳೆ ಹೊತ್ತು ಬಂದಿದೆಯಾ? ಹದ ಬಂದಿದೆಯಾ? ಗೃಹಪ್ರವೇಶದ ಮುಹೂರ್ತ ಇಟ್ಟು, ಗಾರೆ ಒಣಗದ ಮನೆಗೆ ಎಳೆ ಮಗುವನ್ನು ಕರೆದುಕೊಂಡು ಹೋಗಬೇಡಿ.

ಹೊತ್ತು ನೋಡಬಾರದ ಹೊತ್ತು

2014ರ ಜೂನ್ ಕೊನೆಯ ಭಾನುವಾರ. ರಜೆಗೆ ಅಂತ ಊರಿಗೆ ಹೋಗಿದ್ದೆ. ಸಂಜೆ 4:45. ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದೆವು. ಅಣ್ಣನ ಬಲಗೈಯಿಂದ ಲೋಟ ಜಾರಿ ಬಿತ್ತು. ಎತ್ತಿಕೊಳ್ಳಲು ಹೋದ, ಆಗಲಿಲ್ಲ. ಏನೋ ಹೇಳಿದ, ಮಾತು ತೊದಲಿತು. ಬಾಯಿ ಒಂದು ಕಡೆಗೆ ಎಳೆದಿತ್ತು.

ನಾನು ಕಾರಿನ ಕೀ ಹುಡುಕಲು ಎದ್ದೆ. ಅತ್ತಿಗೆ ಬಾಗಿಲಲ್ಲಿ ನಿಂತು, "ಬೇಡ ಕಣಪ್ಪ, ಈಗ ರಾಹುಕಾಲ. ಆರು ಗಂಟೆ ಆಗಿಬಿಡಲಿ" ಅಂದರು. ಹೆದರಿದ ಹೆಂಗಸು. ಗಂಡನಿಗೆ ಕೆಟ್ಟದ್ದಾಗಬಾರದು ಅಂತಲೇ ಹೇಳಿದ್ದು. ತಪ್ಪು ಅವರದ್ದಲ್ಲ. ನಾನು ಸುಮ್ಮನೆ ಕೂತೆ. ಅದು ನನ್ನ ತಪ್ಪು.

6 ಗಂಟೆಗೆ ಹೊರಟೆವು. ಮೊದಲು ಹೋದ ಕಡೆ ಸ್ಕ್ಯಾನ್ ಇರಲಿಲ್ಲ. ಸ್ಕ್ಯಾನ್ ಇರುವ ಆಸ್ಪತ್ರೆ ಮುಟ್ಟಿದಾಗ 9 ಗಂಟೆ. ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಕೊನೆಯ ಸಲ ಇವರು ಸರಿಯಾಗಿ ಇದ್ದದ್ದು ಎಷ್ಟು ಗಂಟೆಗೆ?" ನಾನು 4:45 ಅಂದೆ. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿ ಬರುವ ಪಾರ್ಶ್ವವಾಯುವಿಗೆ ಆ ಹೆಪ್ಪು ಕರಗಿಸುವ ಔಷಧಿ ಇದೆ. ಅದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಎಷ್ಟು ಬೇಗ ಕೊಟ್ಟರೆ ಅಷ್ಟು ಒಳ್ಳೆಯದು. ಕೊಡುವ ಮೊದಲು ಸ್ಕ್ಯಾನ್ ಆಗಲೇಬೇಕು. ಸ್ಕ್ಯಾನ್ ಮುಗಿದಾಗ 9:30 ಆಗಿತ್ತು. 9:15ಕ್ಕೆ ಹೊತ್ತು ಮೀರಿತ್ತು.

ಮೇಲೆ ಮಾಡಿದ ಲೆಕ್ಕ ನೆನಪಿಸಿಕೊಳ್ಳಿ. ಜೂನ್ ಕೊನೆಯ ಭಾನುವಾರ ನಮ್ಮ ಸೀಮೆಯಲ್ಲಿ ರಾಹುಕಾಲ 5:18ಕ್ಕೆ ಶುರು. 4:45ಕ್ಕೆ ರಾಹುಕಾಲ ಇರಲೇ ಇಲ್ಲ. ಇಲ್ಲದ ರಾಹುಕಾಲಕ್ಕೆ ಕಾದು, ಇದ್ದ ರಾಹುಕಾಲದಲ್ಲಿ ಹೊರಟೆವು. ಲೆಕ್ಕ ಬಲ್ಲವನು ನಾನು ಅಲ್ಲೇ ಕೂತಿದ್ದೆ. ಆದರೆ ನಾನು ಹೇಳಹೊರಟದ್ದು ಅದನ್ನಲ್ಲ. ರಾಹುಕಾಲ ನಿಜವಾಗಿ ಇದ್ದಿದ್ದರೂ ಹೊರಡಬೇಕಿತ್ತು. ಆಮೇಲೆ ನಮ್ಮ ಪುರೋಹಿತರ ಹತ್ತಿರ ಹೇಳಿಕೊಂಡು ಅತ್ತೆ. ಅವರು ಹೇಳಿದರು: "ರಾಹುಕಾಲ ಇರೋದು ಹೊಸ ಕೆಲಸಕ್ಕೆ ರಾಯರೇ. ಜೀವ ಉಳಿಸೋದು ಹೊಸ ಕೆಲಸ ಅಲ್ಲ. ಹುಟ್ಟಿದಾಗಿನಿಂದ ನಡೀತಾ ಇರೋ ಕೆಲಸ."

ನಮ್ಮ ಮನೆಯಲ್ಲಿ ಈಗ ಕ್ಯಾಲೆಂಡರಿನ ಪಕ್ಕದಲ್ಲಿ ಒಂದು ಚೀಟಿ ಅಂಟಿಸಿದೆ. ನೀವೂ ಬರೆದು ಅಂಟಿಸಿ. ಮುಖ ಒಂದು ಕಡೆ ಸೊಟ್ಟಗಾದರೆ, ಎರಡೂ ಕೈ ಎತ್ತಿಸಿದಾಗ ಒಂದು ಕೈ ಕೆಳಗೆ ಬಿದ್ದರೆ, ಮಾತು ತೊದಲಿದರೆ, ಇವುಗಳಲ್ಲಿ ಒಂದಾದರೂ ಸರಿ, ತಕ್ಷಣ 108ಕ್ಕೆ ಫೋನ್ ಮಾಡಿ. ಅವರು ಕೊನೆಯ ಸಲ ಸರಿಯಾಗಿದ್ದ ಹೊತ್ತನ್ನು ಬರೆದಿಟ್ಟುಕೊಳ್ಳಿ. ನೀರು, ಕಾಫಿ, ಮಾತ್ರೆ ಏನನ್ನೂ ಬಾಯಿಗೆ ಹಾಕಬೇಡಿ, ನುಂಗಲು ಆಗದೆ ಶ್ವಾಸಕ್ಕೆ ಹೋಗಬಹುದು. ಸ್ಕ್ಯಾನ್ ಇರುವ ಆಸ್ಪತ್ರೆ ನಿಮ್ಮ ಊರಿಗೆ ಹತ್ತಿರ ಯಾವುದಿದೆ ಅಂತ ಇವತ್ತೇ ವಿಚಾರಿಸಿ ಆ ಚೀಟಿಯಲ್ಲಿ ಬರೆಯಿರಿ. ಎದೆನೋವಿಗೆ, ಹೆರಿಗೆ ನೋವಿಗೆ, ಹಾವು ಕಚ್ಚಿದ್ದಕ್ಕೂ ಇದೇ ಮಾತು. ಆಗ ಯಾರೂ ಪಂಚಾಂಗ ತೆರೆಯಬಾರದು ಅಂತ ಮನೆಯ ಹಿರಿಯರೇ ಮೊದಲು ಹೇಳಿಟ್ಟಿರಬೇಕು. ಆ ಗಾಬರಿಯಲ್ಲಿ ಚಿಕ್ಕವರ ಮಾತು ನಡೆಯುವುದಿಲ್ಲ.

ಅಣ್ಣ ಆಮೇಲೆ ಆರು ವರ್ಷ ಇದ್ದ. ಮಾತು ಸುಮಾರಾಗಿ ಮರಳಿತು. ಬಲಗೈ ಮರಳಲಿಲ್ಲ. ಮುಂದಿನ ವರ್ಷ ಪುನರ್ವಸು ಮಳೆ ಬಿದ್ದಾಗ ಅವನ ಮಗ ಅವನನ್ನು ಹೊಲದ ಬದುವಿನ ಮೇಲೆ ಕುರ್ಚಿ ಹಾಕಿ ಕೂರಿಸಿದ. ನಾನೂ ಹೋಗಿದ್ದೆ. ಹುಡುಗ ಒಂದು ಹಿಡಿ ಮಣ್ಣು ತಂದು ಅಪ್ಪನ ಎಡಗೈಯಲ್ಲಿಟ್ಟ. ಅಣ್ಣ ತುಂಬಾ ಹೊತ್ತು ಒತ್ತಿ ನೋಡಿದ. ಆ ಕೈಗೆ ಅಭ್ಯಾಸ ಇರಲಿಲ್ಲ. ಆಮೇಲೆ ನಿಧಾನವಾಗಿ, ಒಂದೊಂದೇ ಅಕ್ಷರ ಕೂಡಿಸಿ ಹೇಳಿದ: "ಇನ್ನೂ... ಎರಡು ದಿನ."